ನೀಲಿ ಮಣಿಯ ಬಾಯಿಗಳು

ಆಗಸ್ಟ್ ೪, ಸೋಮವಾರ

ಪ್ರೀತಿಯ ಕುಳ್ಳಿಗೆ,

ನಿನ್ನ ಚಿಕ್ಕಮ್ಮನಿಂದ ಕೆನ್ನೆ ತುಂಬ ಮುತ್ತು. ನಾನು ಗಟ್ಟಿಮುಟ್ಟಾಗಿದ್ದೇನೆ, ಮೂರನೇ ಮಹಡಿಯ ಮೆಟ್ಟಿಲು ಕಂಡರೆ ಮಂಡಿ ಮಾತ್ರ ಮುಖ ಸಿಂಡರಿಸುತ್ತದೆ. ನೀನು ಕಡಲಾಚೆಯ ಆ ಬಯಲಿನಲ್ಲಿ ಹಕ್ಕಿ ಎಣಿಸುತ್ತ, ಡೇರೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿದ್ದೇನೆ. ನಂಬದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಹಲ್ಲು ಕಡಿಯಬೇಡ. ಹಾಗೆ ಕಡಿದು ಕಡಿದು ಸವೆಸಿಕೊಂಡವರಿಗೆ ಹೊಸ ಹಲ್ಲು ಮಾಡಿಕೊಡುವುದೇ ನನ್ನ ಹೊಟ್ಟೆಪಾಡು, ಮನೆಯವರಿಗೂ ಹಲ್ಲು ಕಟ್ಟುವ ಹಾಗೆ ಮಾಡಬೇಡ.

ತಡವಾದ ಕಾರಣ ಕೇಳಿದರೆ ನೀನು ಕುಣಿದಾಡುತ್ತೀಯ. ನಮ್ಮ ಪಂಜರದ ಕರಿಮುಖದ ಹಕ್ಕಿ ಕಪ್ಪಿ ಮೊಟ್ಟೆ ಇಟ್ಟಿದ್ದಾಳೆ, ಆಗಲೇ ಹತ್ತು ದಿನವಾಯಿತು! ಐದು ಮೊಟ್ಟೆ, ನಾನು ಮಾಡುವ ಹಲ್ಲುಗಳಿಗಿಂತ ಬೆಳ್ಳಗೆ, ನಯವಾಗಿ. ಅವಳ ಗಂಡನ, ಅದೇ ನಾವು ಮದುಮಗ ಎಂದು ಕರೆಯುವವನ, ಸಡಗರವಂತೂ ಹೇಳತೀರದು. ಕೆಂಪು ಮುಖ, ನೇರಳೆ ಎದೆ, ಹಳದಿ ಹೊಟ್ಟೆ, ಹಸಿರು ಬೆನ್ನು, ಕುತ್ತಿಗೆಗೊಂದು ನೀಲಿ ಪಟ್ಟಿ. ದೇವರು ಡಬ್ಬಿಯಲ್ಲಿ ಉಳಿದ ಬಣ್ಣವನ್ನೆಲ್ಲ ಒಂದೇ ಹಕ್ಕಿಗೆ ಬಳಿದು ಕೈ ತೊಳೆದುಕೊಂಡಂತಿದೆ. ಅಷ್ಟೆಲ್ಲ ಅಲಂಕಾರ ಮಾಡಿಕೊಂಡು ಹಗಲೆಲ್ಲ ತಾನೇ ಮೊಟ್ಟೆಯ ಮೇಲೆ ಕೂರುತ್ತಾನೆ. ಕಪ್ಪಿ ಆಗ ಹೊರಗೆ ಬಂದು, ನೀರು ಕುಡಿದು, ರೆಕ್ಕೆ ಚಾಚಿ ಮೈ ಮುರಿದು, ಆಫೀಸು ಮುಗಿಸಿ ಬಂದವಳ ಹಾಗೆ ಕೊಂಬೆಯ ಮೇಲೆ ಸುಮ್ಮನೆ ಕೂತಿರುತ್ತಾಳೆ.

ಹಿಂದಿನ ಕಾಗದದಲ್ಲಿ ನೀನು ಕೇಳಿದ್ದೆ: 'ಚಿಕ್ಕಮ್ಮ, ಈ ಸಲ ಮೊಟ್ಟೆ ತೆಗೆಯೋದೇ ಇಲ್ಲ ಅಂತ ಯಾಕಿಷ್ಟು ಹಠ?' ಹೇಳುತ್ತೇನೆ ಇರು. ನಿನ್ನ ಜೊತೆಯ ಹುಡುಗಿಯರಿಗೂ ಓದಿ ಹೇಳುತ್ತೀಯಲ್ಲ, ಅವರಿಗೂ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ. ಈ ಏಳು ಬಣ್ಣದ ಫಿಂಚುಗಳನ್ನು ಸಾಕುವವರಲ್ಲಿ ಒಂದು ಪದ್ಧತಿ ಇದೆ. ಇವು ಮೊಟ್ಟೆ ಇಟ್ಟ ಕೂಡಲೇ ಎತ್ತಿ ಮುನಿಯ ಎಂಬ ಕಂದುಬಿಳಿ ಪುಟ್ಟ ಸಾಕು ಹಕ್ಕಿಗಳ ಗೂಡಿಗೆ ಹಾಕುತ್ತಾರೆ. ಅವನ್ನು ನಮ್ಮವರು ದಾದಿ ಹಕ್ಕಿ ಎನ್ನುತ್ತಾರೆ. ಯಾರ ಮೊಟ್ಟೆ ಕೊಟ್ಟರೂ ಕಾವು ಕೊಡುತ್ತವೆ, ಯಾರ ಮರಿ ಕೊಟ್ಟರೂ ಗುಟುಕು ಕೊಡುತ್ತವೆ. ಅವುಗಳ ಸ್ವಂತ ಮೊಟ್ಟೆಗಳನ್ನು ಏನು ಮಾಡುತ್ತಾರೆ ಎಂದು ಕೇಳಬೇಡ. ಕಸದ ಬುಟ್ಟಿಗೆ. ನಾನೂ ಇಷ್ಟು ವರ್ಷ ಹಾಗೇ ಮಾಡಿದ್ದು. ಕಪ್ಪಿಯೇ ಮುನಿಯದ ಗೂಡಿನಲ್ಲಿ ಬೆಳೆದವಳು, ಅವಳ ತಾಯಿಯೂ ಅಷ್ಟೇ, ಮದುಮಗನೂ ಅಷ್ಟೇ. ಹೆತ್ತ ತಾಯಿ ಗುಟುಕು ಕೊಡುವುದನ್ನು ಅವರ ವಂಶದಲ್ಲೇ ಯಾರೂ ಕಂಡಿಲ್ಲ.

ಪಂಜರದಣ್ಣನ ನೆನಪಿದೆಯಲ್ಲ, ನನಗೆ ಮೊದಲ ಜೋಡಿ ಕೊಟ್ಟವರು, ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಹಕ್ಕಿ ಹಿಕ್ಕೆ. ಅವರಿಗೆ ಫೋನು ಮಾಡಿ ವಿಷಯ ಹೇಳಿದೆ. "ನಿಂಗೇನು ತಲೆ ಕೆಟ್ಟಿದ್ಯೇನಮ್ಮ? ಇವಕ್ಕೆ ಸಾಕೋಕೆ ಬರಲ್ಲ. ಇಡೋಕೆ ಬರುತ್ತೆ, ಅಷ್ಟೇ. ಮರಿ ಹೊರಗೆ ಬಂದ ದಿನ ಕೊಕ್ಕಲ್ಲಿ ಎತ್ತಿ ಬಿಸಾಕ್ತವೆ, ಆಮೇಲೆ ನನ್ನ ಹತ್ರ ಅಳಬೇಡ" ಎಂದರು.

"ಬರುತ್ತೋ ಇಲ್ವೋ ನೋಡೇಬಿಡೋಣ ಅಣ್ಣ, ಒಂದು ಸಲ" ಎಂದೆ.

"ನೋಡೋದೇನಿದೆ? ಎಲ್ರೂ ನೋಡಾಗಿದೆ!"

ಯಾರು ನೋಡಿದ್ದಾರೆ ಕುಳ್ಳಿ? ಒಬ್ಬರೂ ನೋಡಿಲ್ಲ. ಮೊಟ್ಟೆ ಇಟ್ಟ ದಿನವೇ ಎತ್ತಿಕೊಂಡರೆ ನೋಡುವುದಾದರೂ ಹೇಗೆ? ನಾನು ಫೋನು ಇಟ್ಟು ಕಪ್ಪಿಯ ಹತ್ತಿರ ಹೋಗಿ, "ನೀನೇನೂ ತಲೆ ಕೆಡಿಸ್ಕೋಬೇಡ ಕಣೇ" ಎಂದು ಹೇಳಿ ಬಂದೆ. ದಾದಿ ಹಕ್ಕಿಗಳ ಗೂಡಿನಲ್ಲೂ ಮೊಟ್ಟೆ ಇದ್ದವು. ಅವನ್ನೂ ಈ ಸಲ ಅವಕ್ಕೇ ಬಿಟ್ಟೆ.

ಇಷ್ಟಕ್ಕೂ ನನಗೆ ಧೈರ್ಯ ಬಂದದ್ದು ನಿನ್ನ ಕಾಗದದಿಂದ. ಬೆಳಗಾಗುವ ಹೊತ್ತಿಗೆ ಹೊಂಡದ ದಂಡೆಯಲ್ಲಿ ಅಲುಗಾಡದೆ ಕೂತೆ, ಮೊದಲು ಒಂದು ಬಂತು, ಆಮೇಲೆ ನಾಲ್ಕು, ಆಮೇಲೆ ಮರವೇ ಉದುರಿದ ಹಾಗೆ ಬಂದವು ಎಂದು ಬರೆದಿದ್ದೆಯಲ್ಲ. ಕರಿಮುಖದವೇ ಹೆಚ್ಚು, ಕೆಂಪುಮುಖದವು ಅಲ್ಲೊಂದು ಇಲ್ಲೊಂದು, ಬಣ್ಣವಿಲ್ಲದ ಬೂದು ಮರಿಗಳು ಅಪ್ಪ ಅಮ್ಮನ ಬೆನ್ನು ಬಿಡದೆ ಬಾಯಿ ತೆರೆಯುತ್ತಿದ್ದವು. ಅದನ್ನು ಎಷ್ಟು ಸಲ ಓದಿದೆನೋ! ನಮ್ಮ ಹಲ್ಲಿನ ಕ್ಲಿನಿಕ್ಕಿನ ಡಾಕ್ಟರಮ್ಮನಿಗೂ ಓದಿ ಹೇಳಿದೆ. ಅವರು ರೋಗಿಯ ಬಾಯಿಗೆ ಹತ್ತಿ ತುರುಕಿ ಬಂದವರು, "ಆಮೇಲೇನಾಯ್ತು? ಆಮೇಲೇನಾಯ್ತು?" ಎಂದು ಕೇಳುತ್ತ ನಿಂತುಬಿಟ್ಟರು. ಒಳಗೆ ಆ ಮನುಷ್ಯ ಊಂ ಊಂ ಎನ್ನುತ್ತಿದ್ದ. ಅಂದರೆ ಬಯಲಿನಲ್ಲಿ ಇವೇ ಹಕ್ಕಿಗಳು ತಮ್ಮ ಮರಿಗಳನ್ನು ತಾವೇ ಸಾಕುತ್ತವೆ, ಯಾವ ದಾದಿಯೂ ಇಲ್ಲ. ಪಂಜರದೊಳಗೆ ಬಂದ ಮಾತ್ರಕ್ಕೆ ಮರೆತುಹೋಗುತ್ತದೆಯೇ?

ನಾಳೆ ಅಂಚೆಗೆ ಹಾಕುತ್ತೇನೆ.

ಗುರುವಾರ

ಹಾಕಲಿಲ್ಲ. ಅಲ್ಲಿಯ ಪೇಟೆಯಲ್ಲಿರುವ ನಿಮ್ಮ ಆಫೀಸಿಗೆ ಫೋನು ಮಾಡಿದರೆ, ನಿಮಗೆ ಸಾಮಾನು ಒಯ್ಯುವ ಜೀಪು ಕೆಟ್ಟು ನಿಂತಿದೆಯಂತೆ, ರಿಪೇರಿ ಆಗುವವರೆಗೂ ಕಾಗದ ಅಲ್ಲೇ ಕೊಳೆಯುತ್ತದಂತೆ. ಅಲ್ಲಿ ಕೊಳೆಯುವುದಕ್ಕಿಂತ ಇಲ್ಲಿ ಬೆಳೆಯಲಿ ಎಂದು ಇಟ್ಟುಕೊಂಡೆ. ನಿನ್ನ ಬಯಲಿಗೊಂದು ಫೋನಿನ ಕಂಬ ನೆಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು!

ಮರಿ ಬಂದಿವೆ, ಮರಿ ಬಂದಿವೆ, ಮರಿ ಬಂದಿವೆ! ಮೂರು ಸಲ ಬರೆದರೂ ಸಮಾಧಾನವಿಲ್ಲ. ಬೆಳಗ್ಗೆ ಕಾಳಿನ ಬಟ್ಟಲು ತುಂಬಲು ಹೋದರೆ ನೆಲದ ಮೇಲೆ ಅರ್ಧ ಓಡು ಬಿದ್ದಿತ್ತು. ಹಲ್ಲು ನೋಡುವ ಉದ್ದ ಕಡ್ಡಿಯ ಪುಟ್ಟ ಕನ್ನಡಿ ನನ್ನ ಜೇಬಿನಲ್ಲೇ ಇರುತ್ತದಲ್ಲ, ಅದನ್ನು ಗೂಡಿನ ಪೆಟ್ಟಿಗೆಯ ಕಿಂಡಿಯೊಳಗೆ ತೂರಿಸಿ ಟಾರ್ಚು ಬಿಟ್ಟೆ. ಅಬ್ಬಾ! ಕಡಲೆಬೀಜದಷ್ಟು ಮೈ, ಪುಕ್ಕವಿಲ್ಲ, ಕಣ್ಣಿಲ್ಲ, ಬರೀ ಬಾಯಿ. ಆ ಬಾಯಿಯ ಎರಡು ಮೂಲೆಯಲ್ಲೂ ನೀಲಿ ಮಣಿಗಳು ಮಿರಮಿರ ಹೊಳೆಯುತ್ತವೆ. ಕತ್ತಲಲ್ಲಿ ಗುಟುಕು ಎಲ್ಲಿ ಹಾಕಬೇಕೆಂದು ತಾಯಿಗೆ ತಿಳಿಯಲಿ ಎಂದೇ ಇರಬೇಕು. ಜೀವಮಾನವಿಡೀ ಬಾಯಿಗಳ ಅಚ್ಚು ಹಿಡಿದುಕೊಂಡೇ ಬದುಕಿದವಳು ನಾನು. ಇಷ್ಟು ಚೆಂದದ ಬಾಯಿ ಇವತ್ತಿನವರೆಗೂ ಕಂಡಿರಲಿಲ್ಲ.

ಕೆಲಸಕ್ಕೆ ಹೋದರೂ ಮನಸ್ಸು ಇಲ್ಲೇ. ಮಧ್ಯಾಹ್ನ ಓಡಿ ಬಂದು ನೋಡಿದೆ. ಸಂಜೆ ನೋಡಿದೆ. ಟೀ ಕುದಿಯುವಷ್ಟರಲ್ಲಿ ಇನ್ನೊಂದು ಸಲ ನೋಡಿದೆ. ಮರಿಗಳ ಕುತ್ತಿಗೆಯ ಚೀಲದಲ್ಲಿ ಕಾಳು ಬಿದ್ದಿದೆಯೇ ಎಂದು ನೋಡಬೇಕು. ಚರ್ಮ ಎಷ್ಟು ತೆಳ್ಳಗೆಂದರೆ ತಿಂದದ್ದೆಲ್ಲ ಹೊರಗೇ ಕಾಣುತ್ತದೆ. ಇನ್ನೂ ಏನೂ ಕಾಣಲಿಲ್ಲ. ಮೊದಲ ದಿನ ಹಾಗೇ ಇರುತ್ತದೆ ಎಂದುಕೊಂಡಿದ್ದೇನೆ.

ಶುಕ್ರವಾರ

ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಬೆಳಗ್ಗೆ ಒಂದು ಮರಿ ಪಂಜರದ ನೆಲದ ಮೇಲೆ ಬಿದ್ದಿತ್ತು. ಮುಟ್ಟಿದರೆ ತಣ್ಣಗೆ. ಅಂಗೈಯಲ್ಲಿ ಮುಚ್ಚಿ, ಬಾಯಿಯ ಬಿಸಿಯುಸಿರು ಊದುತ್ತ ಅಡುಗೆಮನೆಯಲ್ಲಿ ಮೂಲೆಯಿಂದ ಮೂಲೆಗೆ ತಿರುಗಿದೆ. ಎಷ್ಟೋ ಹೊತ್ತಾದ ಮೇಲೆ ಕಾಲು ಒದ್ದಿತು. ಜೀವ ಇತ್ತು!

ಪಂಜರದಣ್ಣನಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ಮೆತ್ತಗಿನ ದನಿಯಲ್ಲಿ ಹೇಳಿದರು: "ನೋಡಮ್ಮ, ಇನ್ನೂ ಕಾಲ ಮಿಂಚಿಲ್ಲ. ಚಮಚದಲ್ಲಿ ಎತ್ತಿ ಐದನ್ನೂ ದಾದಿ ಗೂಡಿಗೆ ಹಾಕು. ಒಂದು ಬಿಸಾಕಿದ ಮೇಲೆ ಉಳಿದಿದ್ದೂ ಬಿಸಾಕ್ತಾಳೆ. ಇವಳಿಗೆ ಬರಲ್ಲ ಅಂದ್ರೆ ಬರಲ್ಲ. ಹಠ ನಿಂದು, ಜೀವ ಅವುಗಳದ್ದು."

ಚಮಚ ತೊಳೆದು ಒರೆಸಿದೆ. ದಾದಿ ಹಕ್ಕಿಗಳ ಮೊಟ್ಟೆ ತೆಗೆದಿಡಲು ಬಟ್ಟಲನ್ನೂ ತಂದೆ. ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಹತ್ತಿದೆ, ಎಡಗೈಯಲ್ಲಿ ಮರಿ, ಬಲಗೈಯಲ್ಲಿ ಚಮಚ. ಮೊದಲು ಒಳಗೆಷ್ಟಿವೆ ನೋಡೋಣವೆಂದು ಚಮಚ ಬಾಯಲ್ಲಿ ಕಚ್ಚಿಕೊಂಡು ಬಲಗೈಯಲ್ಲಿ ಕನ್ನಡಿ ತೂರಿಸಿ, ಅದೇ ಕೈಯಲ್ಲಿ ಟಾರ್ಚು ಒತ್ತಿದೆ. ಅಷ್ಟೇ! ಕಪ್ಪಿ ಬಾಣದ ಹಾಗೆ ಹೊರಗೆ ಹಾರಿದಳು. ಅವಳ ಉಗುರಿಗೆ ಹುಲ್ಲಿನೆಳೆ, ಎಳೆಯ ತುದಿಗೆ ಇನ್ನೊಂದು ಮರಿ. ಪೆಟ್ಟಿಗೆಯ ಅಂಚಿನವರೆಗೂ ಬಂದು ಅದು ಮತ್ತೆ ಒಳಗೆ ಉರುಳಿತು. ಒಂದೆಳೆ ಹೆಚ್ಚು ಸಿಕ್ಕಿಕೊಂಡಿದ್ದರೆ ಅದೂ ನೆಲಕ್ಕೆ ಬೀಳುತ್ತಿತ್ತು.

ನಾನು ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟೆ ಕುಳ್ಳಿ. ಅವಳು ಬಿಸಾಕಿರಲಿಲ್ಲ! ಯಾರೂ ಬಿಸಾಕಿರಲಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, ಕಿಂಡಿಯಿಂದ ಕನ್ನಡಿ ಬರುತ್ತದೆ, ಕಣ್ಣಿಗೆ ಬೆಳಕು ಹೊಡೆಯುತ್ತದೆ. ನಿನ್ನ ಬಯಲಿನಲ್ಲಿ ಮರದ ಪೊಟರೆಯೊಳಗೆ ಹಾಗೆ ಬೆಳಕು ನುಗ್ಗಿದರೆ ಹಕ್ಕಿ ಏನೆಂದುಕೊಳ್ಳುತ್ತದೆ? ಕೇಡು ಬಂತು ಎಂದೇ ತಾನೆ? ಬೆದರಿ ಹಾರಿದ್ದಾಳೆ, ಕಾಲಿಗೆ ಸಿಕ್ಕ ಮರಿ ಜೊತೆಗೆ ಬಂದಿದೆ. ಇವಳಿಗೆ ಸಾಕಲು ಬರುತ್ತದೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪರೀಕ್ಷೆ ಮಾಡುತ್ತಿದ್ದವಳು ನಾನು. ಕೂರಲು ಬಿಟ್ಟರೆ ತಾನೆ ಸಾಕುವುದು! ಬಾಯಿ ಇಣುಕಿ ನೋಡುವ ಚಟ, ಇಪ್ಪತ್ತು ವರ್ಷದ ಕೆಲಸದ ಚಟ, ಇಲ್ಲಿ ಉರುಳಾಗಿತ್ತು.

ಮರಿಯನ್ನು ಕೈಯಿಂದಲೇ ಮೆಲ್ಲಗೆ ಒಳಗಿಟ್ಟೆ. ಚಮಚ ಕೆಳಗಿಟ್ಟೆ. ಪೆಟ್ಟಿಗೆಯ ಮೇಲೆ ನನ್ನ ಹಳೇ ಕಂದು ಶಾಲು ಹೊದಿಸಿ, ಕಿಂಡಿ ಮಾತ್ರ ಬಿಟ್ಟು ಕತ್ತಲು ಮಾಡಿದೆ. ಕನ್ನಡಿಯನ್ನು ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಕೈಗೆ ಕೊಟ್ಟು, "ನಾನು ಅತ್ತರೂ ವಾಪಸ್ ಕೊಡಬೇಡಿ" ಎಂದೆ. ಅವರು ಅದನ್ನು ಕೋಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಹೀಗೆ ಬಿಟ್ಟದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನಾಳೆ ಬೆಳಗ್ಗೆ ನೆಲದ ಮೇಲೆ ಐದೂ ಇದ್ದರೆ ಈ ಕಾಗದ ನಿನಗೆ ತಲುಪುವುದಿಲ್ಲ.

ಭಾನುವಾರ

ನೆಲದ ಮೇಲೆ ಏನೂ ಇಲ್ಲ! ನಿನ್ನೆಯೂ ಇರಲಿಲ್ಲ, ಇವತ್ತೂ ಇಲ್ಲ!

ಒಳಗೆ ಏನು ನಡೆದಿದೆಯೋ ನೋಡುವ ಹಾಗಿಲ್ಲ, ಕೇಳಬಹುದಷ್ಟೇ. ತೆರೆದ ಬಾಗಿಲ ಹೊರಗೆ ನೆಲದ ಮೇಲೆ ಕೂತು ಕಿವಿ ಕೊಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಕಪ್ಪಿ ಬಟ್ಟಲಿಗೆ ಬಂದಳು, ಗಬಗಬ ತಿಂದಳು, ಅಷ್ಟೊಂದು ತಿನ್ನುವುದನ್ನು ನಾನು ಕಂಡೇ ಇಲ್ಲ. ಒಳಗೆ ಹೋದಳು. ಕೂಡಲೇ ಶುರುವಾಯಿತು ನೋಡು, ಎಣ್ಣೆ ಬಿಡದ ಹೊಲಿಗೆ ಯಂತ್ರದ ಹಾಗೆ ಕಿಚಿಕಿಚಿ ಕಿಚಿಕಿಚಿ! ಒಂದು ದನಿಯಲ್ಲ, ಒಂದರ ಮೇಲೊಂದು ಬಿದ್ದು ಕೂಗುತ್ತಿವೆ. ಗುಟುಕು ಕೊಡುತ್ತಿದ್ದಾಳೆ ಕಣೇ! ಯಾರೂ ಹೇಳಿಕೊಟ್ಟಿಲ್ಲ, ಕಂಡಿಲ್ಲ, ಕೇಳಿಲ್ಲ, ಕೊಡುತ್ತಿದ್ದಾಳೆ! ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಅಳುತ್ತಲೂ ನಗುತ್ತಲೂ ಕೂತಿದ್ದೆ. ಕೆಳಗಿನ ಮನೆಯಾಕೆ ಬಟ್ಟೆ ಒಣಗಿಸಲು ಹತ್ತಿ ಬಂದವರು ನೋಡಿ, ಏನೋ ಸಾವಿನ ಸುದ್ದಿ ಎಂದುಕೊಂಡು ಸದ್ದಿಲ್ಲದೆ ಇಳಿದು ಹೋದರು.

ನೀನು ಬರೆದಿದ್ದೆಯಲ್ಲ, ಮರಿ ಇರುವಾಗ ಅವು ಒಣಕಾಳು ಬಿಟ್ಟು ಹುಲ್ಲಿನ ಎಳೆಯ ಹಾಲುಕಾಳುಗಳಿಗೆ ಮುಗಿಬೀಳುತ್ತವೆ ಎಂದು. ಈಗ ನಾನು ದಿನಾ ಕ್ಲಿನಿಕ್ಕಿನ ಹಿಂದಿನ ಖಾಲಿ ಜಾಗದಲ್ಲಿ ಹುಲ್ಲಿನ ತೆನೆ ಕೀಳುತ್ತೇನೆ. ಡಾಕ್ಟರಮ್ಮನೂ ಬಿಳಿ ಕೋಟಿನಲ್ಲೇ ಬಗ್ಗಿ ಕೀಳುತ್ತಾರೆ. ಒಬ್ಬ ರೋಗಿ ಕೆನ್ನೆ ಹಿಡಿದುಕೊಂಡು ಕಿಟಕಿಯಿಂದ ನೋಡಿ, "ಔಷಧಿ ಇಲ್ಲೇ ಬೆಳೀತೀರಾ ಮೇಡಂ?" ಎಂದು ಕೇಳಿದನಂತೆ. ತೆನೆ ಕಂಡರೆ ಮದುಮಗ ಕೊಂಬೆಯ ಮೇಲೆ ತಲೆಕೆಳಗಾಗಿ ಜೋತು ಬೀಳುತ್ತಾನೆ. ನೇರಳೆ ಎದೆಯ ತುಂಬ ಹಸಿರು ಹಾಲು ಮೆತ್ತಿಕೊಂಡಿರುತ್ತದೆ, ಮದುವೆ ಊಟದಲ್ಲಿ ಅಂಗಿ ಕೊಳೆ ಮಾಡಿಕೊಂಡವನ ಹಾಗೆ.

ಸೆಪ್ಟೆಂಬರ್ ೨, ಮಂಗಳವಾರ

ಜೀಪು ರಿಪೇರಿ ಆಯಿತಂತೆ, ಇನ್ನು ವಾರವಾರವೂ ಹೊರಡುತ್ತದಂತೆ. ಹಾಗಾಗಿ ಕೊನೆಯ ಸುದ್ದಿ, ಎಲ್ಲಕ್ಕಿಂತ ದೊಡ್ಡ ಸುದ್ದಿ: ಐದೂ ಹೊರಗೆ ಬಂದಿವೆ! ಬೂದುಹಸಿರಿನ ಐದು ಉಂಡೆಗಳು. ಬಣ್ಣ ಎಂದರೆ ಬಾಯಿಯ ನೀಲಿ ಮಣಿ ಮಾತ್ರ. ಕೊಂಬೆಯ ಮೇಲೆ ಸಾಲಾಗಿ ಕೂರುತ್ತವೆ, ಒಂದು ಜಾರಿದರೆ ಐದೂ ಜಾರುತ್ತವೆ. ನೆಲಕ್ಕೆ ಬಿದ್ದು ಬದುಕಿದ್ದು ಯಾವುದೆಂದು ನನಗೆ ಗುರುತು ಹತ್ತುತ್ತಿಲ್ಲ, ಎಲ್ಲಕ್ಕಿಂತ ಜೋರಾಗಿ ಕೂಗುವುದೇ ಇರಬೇಕು. ದಾದಿ ಹಕ್ಕಿಗಳ ಗೂಡಿನಿಂದಲೂ ಮೂರು ಮರಿ ಹೊರಬಂದಿವೆ, ಅವುಗಳ ಸ್ವಂತದ್ದು, ಮೊದಲ ಸಲ. ಎಷ್ಟೋ ವರ್ಷ ಇನ್ನೊಬ್ಬರ ಮಕ್ಕಳಿಗೆ ತಿನ್ನಿಸಿದವು ಈಗ ತಮ್ಮ ಮರಿಯ ಪಕ್ಕ ಹೇಗೆ ಒತ್ತಿಕೊಂಡು ಕೂತಿವೆ ಎಂದರೆ, ನಡುವೆ ಒಂದು ಹುಲ್ಲುಕಡ್ಡಿ ತೂರುವುದಿಲ್ಲ.

ಪಂಜರದಣ್ಣ ನಂಬದೆ ತಾವೇ ಮೂರು ಮಹಡಿ ಹತ್ತಿ ಬಂದರು. ಕನ್ನಡಕ ಒರೆಸಿಕೊಂಡು ನೋಡಿದರು. ಕಪ್ಪಿ ಅವರ ಕಣ್ಣೆದುರೇ ಒಂದೊಂದು ಬಾಯಿಗೂ ಕೊಕ್ಕು ಇಳಿಸಿ ತಿನ್ನಿಸಿದಳು. ಅಣ್ಣ ಕನ್ನಡಕ ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ, "ಇವಳಿಗೆ ಯಾರಮ್ಮ ಹೇಳ್ಕೊಟ್ರು?" ಎಂದರು.

"ಯಾರೂ ಹೇಳ್ಕೊಡ್ಲಿಲ್ಲ ಅಣ್ಣ. ಈ ಸಲ ಯಾರೂ ಎತ್ಕೊಂಡು ಹೋಗ್ಲಿಲ್ಲ, ಅಷ್ಟೇ."

ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಹಕ್ಕಿಗಳಲ್ಲೂ ಒಂದು ಜೋಡಿಗೆ ಮೊಟ್ಟೆ ಬಿಟ್ಟು ನೋಡುವುದಾಗಿ ಹೇಳಿದರು. ಶಾಲು ಹೊದಿಸುವುದು ಮರೆಯಬೇಡಿ ಎಂದೆ.

ನಿಮ್ಮಮ್ಮನೂ ಮೊನ್ನೆ ಬಂದಿದ್ದಳು. ಹಕ್ಕಿ ಎಂದರೆ ಸೀನು ಬರುತ್ತದೆ ಅವಳಿಗೆ, ಗೊತ್ತಲ್ಲ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದರೋಡೆಗೆ ಬಂದವಳ ಹಾಗೆ ಪಂಜರದ ಮುಂದೆ ಕೂತಳು. ಕಾಗದದಲ್ಲಿ ಅವಳಿಗೆ ಬರೆಯುವಾಗ ಸ್ವಲ್ಪ ಉದ್ದ ಬರೆ, ನನಗೆ ಎಂಟು ಪುಟ ಅವಳಿಗೆ ಎರಡು ಎಂದರೆ ಅವಳಿಗೆ ನೋವಾಗುತ್ತದೆ, ಹೇಳಿಕೊಳ್ಳುವುದಿಲ್ಲ. ಅವಳಿಗೆ ಬಿ.ಪಿ. ಸ್ವಲ್ಪ ಹೆಚ್ಚು, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಗಾಬರಿಯಾಗಬೇಡ.

ಹೊಂಡದ ಹತ್ತಿರ ಬೆಳಗ್ಗೆ ಚಳಿ ಇರುತ್ತದೆ, ಕಿವಿ ಮುಚ್ಚಿಕೊಂಡು ಕೂರು. ನಿನ್ನ ಬಯಲಿನ ಹಕ್ಕಿಗಳ ಸಂತಾನ ಹೆಚ್ಚಲಿ, ನೀನು ಎಣಿಸಿ ಎಣಿಸಿ ಸೋಲುವಷ್ಟಾಗಲಿ. ನೀನು ಹೋದ ದಾರಿಯಲ್ಲೆಲ್ಲ ನೀರು, ನೆರಳು, ಒಳ್ಳೆಯ ಜನ ಸಿಗಲಿ. ನೂರು ಕಾಲ ಸುಖವಾಗಿ ಬಾಳು ನನ್ನ ಬಂಗಾರ.

ನಿನ್ನ
ಚಿಕ್ಕಮ್ಮ

ತಾ.ಕ.: ಯಾಕಿಷ್ಟು ಹಠ ಎಂದು ಕೇಳಿದ್ದಕ್ಕೆ ಏನೇನೋ ಬರೆದೆ, ಉತ್ತರ ಬರೆಯಲಿಲ್ಲ. ಇದನ್ನು ಹುಡುಗಿಯರಿಗೆ ಓದಿ ಹೇಳಬೇಡ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ನಿಮ್ಮಮ್ಮನೇ ನಿನಗೆ ಹೇಳಿದ್ದಾಳೆ, ನಾವು ಮೂವರೂ ಅದನ್ನು ಎತ್ತದೆ ನಗುನಗುತ್ತಲೇ ಇದ್ದೇವೆ. ನಿನಗೆ ಗೊತ್ತಿಲ್ಲದ್ದು ಇಷ್ಟು. ನಿನ್ನ ಹೆತ್ತ ಅಪ್ಪ, ನನ್ನ ಗಂಡ, ತೀರಿಕೊಂಡು ಆಗ ಇನ್ನೂ ತಿಂಗಳಾಗಿರಲಿಲ್ಲ, ನನಗೆ ಹತ್ತೊಂಬತ್ತು. ನೀನು ಹುಟ್ಟಿ ಕೆಲವು ದಿನಕ್ಕೆ ಹಿರಿಯರೆಲ್ಲ ಹೊರಗಿನ ಕೋಣೆಯಲ್ಲಿ ಸೇರಿದರು. "ಇವಳೇ ಇನ್ನೂ ಮಗು, ಇವಳಿಗೆ ಸಾಕೋಕೆ ಬರಲ್ಲ" ಎಂದು ಒಬ್ಬರಾದ ಮೇಲೊಬ್ಬರು ಹೇಳುವುದು ಒಳಗೆ ನನಗೆ ಕೇಳುತ್ತಿತ್ತು. ಯಾರೂ ಒಳಗೆ ಬಂದು ನನ್ನನ್ನು ಕೇಳಲಿಲ್ಲ. ಅಕ್ಕ ನಿನ್ನನ್ನು ಎತ್ತಿಕೊಂಡಳು. ಅವಳು ಸಾಕಿದ ಹಾಗೆ ಯಾರೂ ಸಾಕಲಾರರು, ಅದರಲ್ಲಿ ಎರಡು ಮಾತಿಲ್ಲ, ಅವಳ ಮೇಲೆ ನನಗೆ ಕೋಪವಿಲ್ಲ. ಮೊನ್ನೆ ಪಂಜರದ ಮುಂದೆ ಕೂತು ಕಪ್ಪಿ ತಿನ್ನಿಸುವುದನ್ನು ನೋಡಿ ನೋಡಿ, ನನ್ನ ಕಡೆ ತಿರುಗದೆ, ಕರವಸ್ತ್ರದೊಳಗಿಂದಲೇ "ನಿಂಗೂ ಬರ್ತಿತ್ತು ಕಣೇ" ಎಂದಳು. ನಾನು ನೀರಿನ ಬಟ್ಟಲು ತೊಳೆಯುತ್ತಿದ್ದೆ, ಕೇಳಿಸದವಳ ಹಾಗೆ ತೊಳೆಯುತ್ತಲೇ ಇದ್ದೆ. ಬರುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ ಕುಳ್ಳಿ. ಇನ್ನು ಗೊತ್ತಾಗುವುದೂ ಇಲ್ಲ. ನನ್ನ ಹತ್ತಿರ ಇದ್ದಷ್ಟು ದಿನ ನೀನು ಹೊಟ್ಟೆ ತುಂಬ ಹಾಲು ಕುಡಿದು, ಬಾಯಿ ತೆರೆದುಕೊಂಡೇ ನಿದ್ದೆ ಹೋಗುತ್ತಿದ್ದೆ. ಅದೊಂದು ಮಾತ್ರ ಗೊತ್ತು.